ಹುತ್ತದ ಕೊಡೆ

ಜೂನ್ ಎರಡನೇ ಭಾನುವಾರ, ಬೆಳಗ್ಗೆ ಆರೂವರೆ. ರಾತ್ರಿ ಮಳೆ ಬಂದಿತ್ತು; ಕಾಕು ನೆನಪಾದರು.

ತೆಲುಗು ನಾಡಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಚಿಕ್ಕಮ್ಮನೆಂಬಂತೆ ನಾನು ಕಾಕು ಎನ್ನುತ್ತಿದ್ದ ಅವರದು ಆಗ ಕೆಳಗಿನ ಮನೆ. ಮಳೆ ನಿಂತ ಮುಂಜಾನೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹಿಂದಿನ ಖಾಲಿ ಸೈಟಿಗೆ ಅಣಬೆ ನೋಡಲು ಹೊರಡುತ್ತಿದ್ದರು. ನಾನು ಫೋಟೊ ತೋರಿಸಿದರೆ, ಅದನ್ನು ನೋಡುವ ಮೊದಲೇ "ಎಲ್ಲಿ ಎದ್ದೈತಿ?" ಎಂದು ಕೇಳುವರು. ಸಗಣಿಯ ಮೇಲಿನದು ಬೂದು, ಬೇವಿನ ಬುಡದ್ದು ಕಂದು, ಹುತ್ತದ ಮೇಲಿನದು ಬಿಳಿ. ಒಂದು ಮಳೆಗಾಲದಲ್ಲಿ ನನ್ನ ಲೆಕ್ಕಕ್ಕೆ ಒಂಬತ್ತು ಬಗೆ ಸಿಕ್ಕವು. ಎಲ್ಲವನ್ನೂ ನಾನು ನಾಯಿಕೊಡೆ ಎಂದೇ ಕರೆಯುತ್ತಿದ್ದೆ.

"ತೆಲುಗಿನವ್ರು ಇದಕ್ಕ ಪುಟ್ಟಗೊಡುಗು ಅಂತಾರ, ಹುತ್ತದ ಕೊಡಿ. ಮನಿ ಪತ್ತಾ, ಅಂದ್ರ ವಿಳಾಸ, ಹೆಸರಿನ್ಯಾಗ ಐತಿ. ನಾವು ನೋಡು ತಮ್ಮಾ, ಕೊಡಿ ಒಯ್ದು ನಾಯಿ ಕೈಯಾಗ ಕೊಟ್ಟೀವಿ!" ಎಂದು ನಕ್ಕಿದ್ದರು.

ಮರುವರ್ಷ ಆ ಸೈಟಿನಲ್ಲಿ ಪಾರ್ಕಿಂಗ್ ಜಾಗ ಮಾಡಲು ಜೆಸಿಬಿ ಬಂತು. ಕಾಕು ಹುತ್ತಕ್ಕೆ ಅಡ್ಡ ನಿಂತು, "ಒಂದು ಮಳಿ ತಡೀರಿ, ಅವು ಎದ್ದು ಹೋಗಲಿ" ಎಂದರು. ಸಂಜೆಯೊಳಗೆ ಹುತ್ತ ನೆಲಸಮವಾಗಿತ್ತು. ಮಳೆ ಬಂದ ಮೇಲೆ ಕಾಂಕ್ರೀಟಿನ ಅಂಚಿನಲ್ಲಿ ನಿಂತು, "ಪತ್ತಾನ ಅಳಿಸಿದ್ರ ಅವು ಎಲ್ಲಿಗೆ ಬರಬೇಕು?" ಎಂದರು.

ಆ ಚಳಿಗಾಲದಲ್ಲಿ ಅವರೂ ಮನೆ ಬದಲಿಸಿದರು. ವಿಳಾಸ ನಾನು ಕೇಳಲಿಲ್ಲ.

ಹುತ್ತದ ಕೊಡೆ ಈಗಲೂ ಏಳುವ ಜಾಗ, ಇಲ್ಲವೇ ಕಾಕು ಇರುವ ಜಾಗ ತಿಳಿದವರು ದಯವಿಟ್ಟು ಬರೆಯಿರಿ.