ಚೆಂಡು ಎರಡಾದ ವರ್ಷ

ಎದುರಾಳಿಯ ಸರ್ವ್ ಬಂತು. ಎರಡು ಚೆಂಡು ಬಂದವು.

ನಾನು ಮೇಲಿನದಕ್ಕೆ ಬೀಸಿದೆ. ಅದು ಅಲ್ಲಿ ಇರಲೇ ಇಲ್ಲ.

ಪುಣೆಯ ಒಂದು ಸಣ್ಣ ಟೂರ್ನಮೆಂಟು. ಎರಡನೇ ಸುತ್ತು, ಸಂಜೆಯ ಮ್ಯಾಚು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಮುಖಕ್ಕೆ ನೀರು ಚಿಮುಕಿಸಿಕೊಂಡೆ. ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ತೆರೆದಾಗ ಚೆಂಡು ಒಂದೇ ಆಗಿತ್ತು. ನಾಲ್ಕು ಗೇಮ್ ಆಡುವಷ್ಟರಲ್ಲಿ ಮತ್ತೆ ಎರಡು. ಎಡಗಣ್ಣು ಮುಚ್ಚಿದರೆ ಸುಳ್ಳು ಚೆಂಡು ಮಾಯವಾಗುತ್ತದೆ ಎಂಬುದು ಆಕಸ್ಮಿಕವಾಗಿ ತಿಳಿಯಿತು. ಹಾಗೇ ಒಂದೇ ಕಣ್ಣಲ್ಲಿ ಆಡಿದೆ. ಗೆದ್ದೂಬಿಟ್ಟೆ! ಆ ಗೆಲುವೇ ನನ್ನ ತಲೆ ಕೆಡಿಸಿದ್ದು. ಗೆದ್ದವಳು ಡಾಕ್ಟರ ಹತ್ತಿರ ಯಾಕೆ ಹೋಗುತ್ತಾಳೆ?

ನಾನು ಟೆನಿಸ್ ಆಡಿ ಹೊಟ್ಟೆ ಹೊರೆಯುವವಳು. ಹೀಗೆಂದರೆ ಗೋಕಾಕದ ನಮ್ಮ ಓಣಿಯವರು ಇವತ್ತಿಗೂ ಕೇಳುವುದು ಒಂದೇ ಮಾತು: "ಟಿವಿಯಾಗ ಯಾವಾಗ ಬರ್ತಿ?" ಟಿವಿಯಲ್ಲಿ ಬರುವವರು ಬೇರೆ. ನಮ್ಮಂಥವರದು ಸಣ್ಣ ಟೂರ್ನಮೆಂಟು, ಸ್ಲೀಪರ್ ಕೋಚು, ಖಾಲಿ ಗ್ಯಾಲರಿ. ನಾನು ಬೆಳೆದದ್ದೂ ಹಾಗೇ. ಅಪ್ಪನದೊಂದು ಟೆಂಪೊ ಇದೆ, ಗೋಕಾಕದಿಂದ ಯಮಕನಮರಡಿ ಮೇಲೆ ಬೆಳಗಾವಿಗೆ ಓಡುತ್ತದೆ. ಚಿಕ್ಕವಳಿದ್ದಾಗ ಬದನೆಕಾಯಿ ಚೀಲಗಳ ಜೊತೆ ನನ್ನನ್ನೂ ಹೇರಿಕೊಂಡು ಹೋಗಿ ಕೋಚಿಂಗಿಗೆ ಬಿಡುತ್ತಿದ್ದ.

ಆ ವರ್ಷ ನನ್ನ ರ‍್ಯಾಂಕಿಂಗ್ ಹಿಂದೆಂದೂ ಇಲ್ಲದಷ್ಟು ಮೇಲೆ ಬಂದಿತ್ತು. ಇನ್ನಷ್ಟು ಪಾಯಿಂಟ್ ಸೇರಿದರೆ ದೊಡ್ಡ ಟೂರ್ನಮೆಂಟುಗಳ ಅರ್ಹತಾ ಸುತ್ತಿಗೆ ಸೀದಾ ಹೋಗಬಹುದಿತ್ತು. ವಯಸ್ಸು ಇಪ್ಪತ್ತಾರು. ಈಗ ಆಗದಿದ್ದರೆ ಇನ್ನು ಆಗುವುದಿಲ್ಲ ಎನ್ನುವ ವಯಸ್ಸು ಅದು. ಯಾರಿಗೂ ಹೇಳಲಿಲ್ಲ.

ದೇಹ ತಾನೇ ಹೇಳತೊಡಗಿತು.

ನನ್ನ ಕಿಟ್ ಬ್ಯಾಗಿನಲ್ಲಿ ಯಾವಾಗಲೂ ಕರದಂಟು ಇರುತ್ತದೆ. ಬೇರೆಯವರು ಎನರ್ಜಿ ಬಾರ್ ಕಡಿದರೆ ನಾನು ನಮ್ಮೂರ ಅಂಟು, ಬೆಲ್ಲ, ಒಣಕೊಬ್ಬರಿ ಕಡಿಯುತ್ತೇನೆ. ಒಂದು ಸಂಜೆ ಅರ್ಧ ತುಂಡಿಗೇ ದವಡೆ ನಿಂತಿತು. ನೋವಿಲ್ಲ. ಉಳುಕಿಲ್ಲ. ಸುಮ್ಮನೆ ನಿಂತುಬಿಟ್ಟಿತು. ಕೈಯಿಂದ ಗದ್ದ ಎತ್ತಿ ಎತ್ತಿ ಅಗಿದು ಮುಗಿಸಿದೆ. ಗುಟ್ಟಾಗಿ ಕಣ್ಣಿನ ಡಾಕ್ಟರ ಹತ್ತಿರವೂ ಹೋದೆ. ಹೋದದ್ದು ಮುಂಜಾನೆ. ರಾತ್ರಿಯೆಲ್ಲ ಮಲಗಿ ಎದ್ದ ಕಣ್ಣಿಗೆ ಎಲ್ಲವೂ ಒಂದೊಂದೇ ಕಾಣುತ್ತಿತ್ತು. ಅವರು ದೃಷ್ಟಿ ಚೆನ್ನಾಗಿದೆ ಎಂದರು. ಸುಳ್ಳೇನೂ ಹೇಳಲಿಲ್ಲ ಅವರು.

ಎರಡು ಟೂರ್ನಮೆಂಟುಗಳ ನಡುವೆ ಬಿಡುವು ಸಿಕ್ಕಿದರೆ ನಾನು ಓಡುವುದು ತುಕ್ಕಾನಟ್ಟಿಗೆ, ಆಯಿಯ ಮನೆಗೆ. ಆಯಿ ಅಪ್ಪನ ತಾಯಿ. ನಾಲಿಗೆ ಚುರುಕು, ಮನಸ್ಸು ಬೆಣ್ಣೆ. ಇಷ್ಟಲಿಂಗದ ಪೂಜೆ ನನಗೆ ಕಲಿಸಿದವಳು ಅವಳೇ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡಬೇಕು. ನಾನು ಸರ್ವ್ ಮಾಡಲು ಚೆಂಡು ಮೇಲೆತ್ತುವುದೂ ಅದೇ ಕೈಯಿಂದ. ಒಮ್ಮೆ ನನ್ನ ಮ್ಯಾಚು ನೋಡಿದ ಆಯಿ, "ಪೂಜಿಗೆ ಕುಂತಾಗ ಹಿಂಗ ಕೈ ಎತ್ತಂದ್ರ ಬ್ಯಾಸರ ಮಾಡ್ಕೋತಿ, ಚೆಂಡಿಗೆ ನೋಡ ಹೆಂಗ ಎತ್ತತಿ!" ಎಂದಿದ್ದಳು.

ಹಾಗೆ ಹೋದ ಒಂದು ಸಂಜೆ ಪೂಜೆಗೆ ಕೂತೆ. ಕೈ ಎತ್ತಿದೆ. ನೋಡಿದೆ.

ಅಂಗೈಯಲ್ಲಿ ಎರಡು ಲಿಂಗ.

ಚೆಂಡು ಎರಡಾದಾಗ ಇಷ್ಟು ಹೆದರಿರಲಿಲ್ಲ. ರೂಢಿಯಾಗಿದ್ದ ಉಪಾಯವನ್ನೇ ಮಾಡಿದೆ. ಎಡಗಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಆಯಿ ನೋಡಿದಳು.

"ಏನ ತಂಗಿ, ದೇವರಿಗೆ ಕಣ್ಣ ಹೊಡ್ಯಾಕತ್ತಿ ಏನ?"

ನಗು ಬಂತು. ನಕ್ಕೆ. ಆಯಿ ನಗಲಿಲ್ಲ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇನ್ನೊಮ್ಮಿ ನಗು."

ನಕ್ಕೆ.

"ಇದು ನಿನ್ನ ನಗಿ ಅಲ್ಲ. ನಾಯಿ ಗುರ್ ಅಂದಂಗ ಕಾಣತೈತಿ. ಏನಾಗೇತಿ ಖರೆ ಹೇಳ."

ಕನ್ನಡಿ ನೋಡಿದೆ. ನಕ್ಕರೂ ತುಟಿಯ ತುದಿಗಳು ಮೇಲೇರುತ್ತಿರಲಿಲ್ಲ. ಬರೇ ಹಲ್ಲು. ಎಲ್ಲ ಹೇಳಿಬಿಟ್ಟೆ. ಹರಕೆ ಹೊರುತ್ತಾಳೇನೋ, ಪೂಜೆಯಲ್ಲಿ ಏನು ತಪ್ಪು ಮಾಡಿದೆ ಎಂದು ಕೇಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ಫೋನ್ ತೆಗೆದುಕೊಂಡು ಅಪ್ಪನಿಗೆ ಹೇಳಿದ್ದು ಇಷ್ಟೇ: "ಬಸು, ನಾಳಿ ಬಾಡಗಿ ಬಿಡು, ಗಾಡಿ ತಗೊಂಡ ಬಾ. ಹುಡುಗಿಗೆ ಆರಾಮಿಲ್ಲ."

ಬೆಳಗಾವಿಯ ನ್ಯೂರಾಲಜಿಸ್ಟ್ ಒಬ್ಬ ಹೆಣ್ಣುಮಗಳು, ಹುಕ್ಕೇರಿ ಕಡೆಯವರು. ನಮ್ಮ ಸರದಿ ಬರುವಷ್ಟರಲ್ಲಿ ಸಂಜೆಯಾಗಿ ನನ್ನ ಎಡ ರೆಪ್ಪೆ ಜೋತುಬಿದ್ದಿತ್ತು. ಕೈ ಮುಂದೆ ಚಾಚಿ, ಮೇಲೆ ದಿಟ್ಟಿಸಿ ನೋಡುತ್ತ ಇರಲು ಹೇಳಿದರು. ನನ್ನ ಎಡ ಅಂಗೈ ತಾನಾಗಿ ಮೇಲ್ಮುಖವಾಯಿತು. ಹಿಂದೆ ನಿಂತಿದ್ದ ಆಯಿ ಸುಮ್ಮನಿರಬೇಕಲ್ಲ!

"ಇದನ್ನ ಆಕಿ ದಿನಾ ಮಾಡ್ತಾಳ್ರಿ."

"ಯಾವುದನ್ರಿ ಅಮ್ಮಾ?"

"ಲಿಂಗಪೂಜಿರಿ. ಈಗೀಗ ಎರಡ ಕಾಣತಾವಂತ."

ಡಾಕ್ಟರ್ ಪೆನ್ ಕೆಳಗಿಟ್ಟು ಆಯಿಯ ಕಡೆ ತಿರುಗಿ ಕೂತರು. ಯಾವಾಗಿನಿಂದ, ಎಷ್ಟು ಹೊತ್ತು ನೋಡಿದ ಮೇಲೆ, ಮುಂಜಾನೆಯೋ ಸಂಜೆಯೋ ಎಂದು ಕೇಳಿದರು. ಆಮೇಲೆ ಐಸ್ ಪ್ಯಾಕ್ ತರಿಸಿ ನನ್ನ ರೆಪ್ಪೆಯ ಮೇಲೆ ಇಟ್ಟರು. ತೆಗೆದಾಗ ರೆಪ್ಪೆ ಎದ್ದಿತ್ತು. ಅಪ್ಪ "ಭೇಷ್!" ಎಂದ, ರೋಗ ವಾಸಿಯಾಯಿತೆಂದು ತಿಳಿದು. ಡಾಕ್ಟರ ಮುಖದಲ್ಲಿ ಆ ಸಂತೋಷ ಇರಲಿಲ್ಲ. ತಂಪಿಗೆ ರೆಪ್ಪೆ ಏಳುವುದೇ ರೋಗದ ಗುರುತಂತೆ.

ಮಯಸ್ತೇನಿಯಾ ಗ್ರಾವಿಸ್.

ಬ್ಲಡ್ ಟೆಸ್ಟೂ ಅದನ್ನೇ ಹೇಳಿತು. ನರ ಹೇಳಿದ ಮಾತು ಸ್ನಾಯುವಿಗೆ ಮುಟ್ಟುವುದಿಲ್ಲವಂತೆ. ನಮ್ಮನ್ನು ಕಾಯಬೇಕಾದ ರಕ್ತವೇ ನಡುವೆ ಅಡ್ಡ ನಿಲ್ಲುತ್ತದಂತೆ. ದುಡಿಸಿದಷ್ಟೂ ಸ್ನಾಯು ದಣಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಟೆನಿಸ್ ಎಂದರೆ ಒಂದೇ ಸ್ನಾಯುವನ್ನು ಸಾವಿರ ಸಲ ದುಡಿಸುವುದು. ಇಷ್ಟು ದೊಡ್ಡ ಲೋಕದಲ್ಲಿ ಈ ರೋಗಕ್ಕೆ ನಾನೇ ಸಿಗಬೇಕಿತ್ತೆ? ಮೈಯೆಲ್ಲ ಸಿಟ್ಟು ಬಂತು.

"ಮತ್ತ ಆಡೂದ್ರಿ?" ಎಂದು ಕೇಳಿದೆ.

"ಮದಲ ಉಸರಾಟ ಛಲೋ ಇಟ್ಕೊಳ್ಳೂಣು. ಆಟದ್ದು ಆಮ್ಯಾಲೆ ನೋಡೂಣು," ಎಂದರು ಡಾಕ್ಟರ್. ಸುಳ್ಳು ಧೈರ್ಯ ಕೊಡಲಿಲ್ಲ. ಅದಕ್ಕೆ ನಾನು ಅವರಿಗೆ ಇವತ್ತೂ ಋಣಿ. ಹೊರಡುವಾಗ ಆಯಿಗೆ ಒಂದು ಕೆಲಸ ಹಚ್ಚಿದರು. ದಿನಾ ಪೂಜೆಯಾದ ಮೇಲೆ ಮೊಮ್ಮಗಳಿಗೆ ಎಷ್ಟು ಕಂಡವು ಎಂದು ಕೇಳಬೇಕು. ಬೇಗ ಎರಡಾಗತೊಡಗಿದರೆ ತಡ ಮಾಡದೆ ಫೋನ್ ಮಾಡಬೇಕು. ದೇವರನ್ನು ಹೀಗೆ ಪರೀಕ್ಷೆಗೆ ಬಳಸುವುದು ನನಗೆ ಸರಿ ಕಾಣಲಿಲ್ಲ. ಟೆಂಪೊದಲ್ಲಿ ಬರುವಾಗ ಆಯಿಗೆ ಹೇಳಿದೆ.

"ಅಂವಗೇನ ಬ್ಯಾಸರ ಇಲ್ಲ ತಂಗಿ," ಎಂದಳು ಆಯಿ. "ದಿನಾ ಬರೇ ಬೇಡೂದು ಕೇಳಿ ಕೇಳಿ ಅಂವಗೂ ಸಾಕಾಗಿರತೈತಿ. ಇದರೆ ಹೊಸಾದ."

ಮಾತ್ರೆ ಶುರುವಾದವು. ಅವ್ವ ಜೋಳದ ಅಂಬಲಿ ಮಾಡಿ ಕುಡಿಸುತ್ತಿದ್ದಳು, ಅಗಿಯುವ ಕೆಲಸವಿಲ್ಲದಂತೆ. ಪ್ರತಿ ಸಂಜೆ ತುಕ್ಕಾನಟ್ಟಿಯಿಂದ ಫೋನು ಬರುತ್ತಿತ್ತು: "ಇವತ್ತ ಎಷ್ಟ?" ಕೆಲವು ದಿನ ಒಂದು. ಕೆಲವು ದಿನ ಒಂದಿದ್ದದ್ದು ಎರಡು. ಆಮೇಲೆ ಒಂದು ನೆಗಡಿ ಬಂತು, ಎಲ್ಲರಿಗೂ ಬರುವಂಥದ್ದು. ಅವತ್ತು ಕೈ ಎತ್ತಿದ ಕೂಡಲೇ ಎರಡು ಕಂಡವು. ಕೈಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಮಾತು ಮೂಗಿನಿಂದ ಬಂತು.

ಆಯಿ ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರ್ ಈಗಲೇ ಹೊರಡಿ ಎಂದರು. ಯಮಕನಮರಡಿ ದಾಟುವಾಗ ನನಗೆ ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ.

ಐಸಿಯು. ವೆಂಟಿಲೇಟರ್. ರಕ್ತ ಸೋಸುವ ಪ್ಲಾಸ್ಮಾ ಎಕ್ಸ್‌ಚೇಂಜ್.

ಆ ದಿನಗಳದ್ದು ಹೆಚ್ಚು ನೆನಪಿಲ್ಲ. ಕೊಳವೆ ಬಾಯಲ್ಲಿ. ಮಾತಿಲ್ಲ. ಒಬ್ಬ ಸಿಸ್ಟರ್ ನನ್ನ ಮುಚ್ಚದ ಕಣ್ಣಿಗೆ ಹನಿ ಹಾಕುತ್ತ, "ಮ್ಯಾಚ್ ಇನ್ನೂ ಮುಗದಿಲ್ರಿ," ಎನ್ನುತ್ತಿದ್ದಳು. ಅವಳಿಗೆ ಟೆನಿಸ್ಸಿನ ಗಂಧಗಾಳಿ ಇರಲಿಲ್ಲ. ಆದರೂ ಆ ಮಾತಿಗೆ ನಾನು ಇನ್ನೊಂದು ಉಸಿರಿಗೆ ತಯಾರಾಗುತ್ತಿದ್ದೆ.

ಚೇತರಿಸಿಕೊಂಡ ಮೇಲೆ ಸಿಟಿ ಸ್ಕ್ಯಾನ್ ಮಾಡಿದರು. ಎದೆಯೊಳಗೆ ಥೈಮಸ್ ಎಂಬ ಗ್ರಂಥಿ ಊದಿಕೊಂಡಿತ್ತು. ತೆಗೆದರೆ ರೋಗ ಹತೋಟಿಗೆ ಬರಬಹುದು ಎಂದರು. ಬರಬಹುದು, ಅಷ್ಟೇ. ಆಪರೇಷನ್ನಿನ ದಿನ ಮೈಮೇಲಿನದೆಲ್ಲ ತೆಗೆಯಲು ಹೇಳಿದರು. ಬಳೆ, ಓಲೆ ತೆಗೆದೆ. ಲಿಂಗ ಉಳಿಯಿತು. ನಮ್ಮಲ್ಲಿ ಅದನ್ನು ಜೀವ ಇರುವವರೆಗೆ ಮೈಯಿಂದ ಅಗಲಿಸುವುದಿಲ್ಲ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದೂ ಇಲ್ಲ. ಸೀಳಬೇಕಾದ ಎದೆಯ ಮೇಲೇ ಅದು ಕೂತಿತ್ತು.

ಆಯಿ ನನ್ನ ಕೊರಳಿನ ಶಿವದಾರ ಬಿಚ್ಚಿದಳು.

"ಅವ್ವಾ, ಹಂಗ ನೀ ಹಿಡ್ಕೋಬಾರದಲಾ," ಎಂದ ಅಪ್ಪ.

"ನೀ ಸುಮ್ಕಿರ. ಆಕಿ ಹೊರಗ ಬರೂತನಾ ನನ್ನ ಕೈಯಾಗಿಂದ ಕೆಳಗ ಇಡೂದಿಲ್ಲ."

ನನಗೆ ಎಚ್ಚರವಾದಾಗ ಆಯಿ ಹಾಸಿಗೆಯ ಬಾಜೂ ಇದ್ದಳು. ನೀರು ಕುಡಿದಿರಲಿಲ್ಲ, ಕೂತ ಜಾಗ ಬಿಟ್ಟಿರಲಿಲ್ಲ ಎಂದು ಅಪ್ಪ ಆಮೇಲೆ ಹೇಳಿದ. ಬಗ್ಗಿ, ಕಟ್ಟು ಹಾಕಿದ ನನ್ನ ಎದೆ ತಪ್ಪಿಸಿ, ತೋಳಿಗೆ ಲಿಂಗ ಕಟ್ಟಿದಳು. ಬಗ್ಗಿದ ಅವಳ ಕೊರಳಲ್ಲಿ ಅವಳದೇ ಲಿಂಗವೂ ಇತ್ತಲ್ಲ.

"ಇವತ್ತ ನನಗೂ ಎರಡ ಕಂಡವು ನೋಡ," ಎಂದಳು. ಹೇಳುತ್ತ ಅತ್ತಳು. ಆಯಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗುಣವಾಗುವುದು ನಿಧಾನದ ಕೆಲಸ. ಸ್ಟಿರಾಯ್ಡಿಗೆ ಮುಖ ಊದಿತು. ಓಣಿಯವರು "ಛಲೋ ದಪ್ಪ ಆಗಿ" ಎಂದು ಖುಷಿಪಟ್ಟರು. ಆ ಮಾತ್ರೆ ಆಟಗಾರರಿಗೆ ನಿಷಿದ್ಧ. ಅದಕ್ಕೆ ಬೇರೆ ಅನುಮತಿ ಬೇಕು, ಆ ಓಡಾಟವನ್ನೆಲ್ಲ ನನ್ನ ಕೋಚ್ ತಾವೇ ಹೊತ್ತರು. ರ‍್ಯಾಂಕಿಂಗ್ ಉದುರಿಹೋಯಿತು. ನಾನು ತುಕ್ಕಾನಟ್ಟಿಯಲ್ಲಿ ಉಳಿದೆ. ತಂಪು ಹೊತ್ತಿನಲ್ಲಿ ಶಾಲೆಯ ಗೋಡೆಗೆ ಚೆಂಡು ಹೊಡೆಯುವುದು, ದಣಿವು ಬರುವ ಮೊದಲೇ ನಿಲ್ಲಿಸುವುದು. ನಿಲ್ಲಿಸುವುದನ್ನು ಕಲಿಯುವುದೇ ಕಷ್ಟವಾಯಿತು. ಇನ್ನೊಂದು, ಇನ್ನೊಂದೇ ಒಂದು ಎಂದು ಬೆಳೆದವಳು ನಾನು. ಕಟ್ಟೆಯ ಮೇಲಿಂದ ಆಯಿ ಕೂಗುತ್ತಿದ್ದಳು: "ಸಾಕ ಬಾ! ಗ್ವಾಡಿ ಎಲ್ಲಿ ಓಡಿ ಹೋಗೂದಿಲ್ಲ."

ಸಿಂಗಲ್ಸ್ ಮುಗಿಯಿತು. ಮೂರು ಗಂಟೆ ಓಡುವ ಮೈ ಇನ್ನು ನನ್ನದಲ್ಲ ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು. ಕೋಚ್ ಫೋನ್ ಮಾಡಿ, "ಡಬಲ್ಸ್ ಆಡು, ಅರ್ಧ ಕೋರ್ಟ್ ಇನ್ನೊಬ್ಬಳು ನೋಡಿಕೊಳ್ಳುತ್ತಾಳೆ" ಎಂದರು. ಅರ್ಧವೇ? ಮೊದಲು ಅವಮಾನ ಅನ್ನಿಸಿತು. ಆಮೇಲೆ ಯೋಚಿಸಿದೆ. ನನ್ನ ಉಸಿರನ್ನೂ ಒಮ್ಮೆ ಮಷೀನು ನೋಡಿಕೊಂಡಿತ್ತಲ್ಲ, ಅರ್ಧ ಕೋರ್ಟಿಗೆ ಏನು ಸಂಕೋಚ?

ಹೋದ ತಿಂಗಳು ಮರಳಿ ಆಡಿದೆ. ಮತ್ತೆ ಪುಣೆ, ಮತ್ತೆ ಸಂಜೆ, ಮೊದಲ ಸುತ್ತು. ಬೆಂಚಿಗೆ ಬಂದಾಗಲೆಲ್ಲ ಕೊರಳಿಗೆ ಐಸ್ ಟವೆಲ್ ಹಾಕಿಕೊಂಡೆ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿದೆ. ಎರಡನೇ ಸೆಟ್ಟಿನಲ್ಲಿ ತೋಳು ಭಾರವಾಯಿತು. ಈಗ ಚೆಂಡು ಒಡೆಯುತ್ತದೆ, ಈಗ ಎರಡಾಗುತ್ತದೆ ಎಂದು ಪ್ರತಿ ಸರ್ವಿಗೂ ಕಾದೆ. ಎಡ ಅಂಗೈ ಎತ್ತಿ ಚೆಂಡು ಮೇಲೆ ಬಿಟ್ಟೆ. ಎರಡೂ ಕಣ್ಣು ತೆರೆದು ನೋಡಿದೆ. ಒಂದೇ ಇತ್ತು. ಮೂರನೇ ಸೆಟ್ಟಿನ ಕೊನೆಯ ಪಾಯಿಂಟಿನವರೆಗೂ ಒಂದೇ ಇತ್ತು.

ಸೋತೆವು.

ನನ್ನ ಜೊತೆಗಾತಿ ಬೇಜಾರಾಗಿ ಬ್ಯಾಗ್ ಕಟ್ಟುತ್ತಿದ್ದಳು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಕರದಂಟು ಪೂರ್ತಿ ಅಗಿದು ತಿಂದೆ. ಈ ರೋಗ ಹೋಗಿಲ್ಲ. ಮಾತ್ರೆ ಇವೆ, ನೆಗಡಿಯ ಭಯ ಇದೆ, ನಾಳೆ ಏನೋ ಗೊತ್ತಿಲ್ಲ. ಆದರೆ ಬಾಯಲ್ಲಿ ಬೆಲ್ಲ ಕರಗುತ್ತಿತ್ತು, ದವಡೆ ಆಡುತ್ತಿತ್ತು. ಡಾಕ್ಟರು, ಆ ಸಿಸ್ಟರು, ಟೆಂಪೊ ನಿಲ್ಲಿಸದೆ ಓಡಿಸಿದ ಅಪ್ಪ, ಎಲ್ಲರೂ ನೆನಪಾಗಿ ಕಣ್ಣು ತುಂಬಿತು.

ಆಯಿಯ ವಿಡಿಯೊ ಕಾಲ್ ಬಂತು. ಗೆಲುವು ಸೋಲು ಮೊದಲು ಕೇಳಲಿಲ್ಲ.

"ಎಷ್ಟ ಕಂಡವು?"

"ಒಂದ, ಆಯಿ. ಕಡೀತನಾ ಒಂದ."

"ಗೆದ್ರಿ?"

"ಇಲ್ಲ. ಸೋತ್ವಿ."

ಆಯಿ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

"ಹಂಗ್ಯಾಂಗ? ಎರಡ ಕಂಡಾಗ ಗೆದ್ದಾಕಿ, ಒಂದ ಕಂಡಾಗ ಸೋತ ಬಂದಿಯಲಾ ನನ್ನವ್ವ!"

ನಾನು ಜೋರಾಗಿ ನಕ್ಕೆ. ಫೋನಿನ ಮೂಲೆಯ ಸಣ್ಣ ಚೌಕದಲ್ಲಿ ನನ್ನ ಮುಖ ಕಾಣುತ್ತಿತ್ತು. ಊದಿದ ಕೆನ್ನೆ, ಬೆವರು, ಮತ್ತು ತುಟಿಯ ಎರಡೂ ತುದಿ ಮೇಲೆ. ಆಯಿಯೂ ಅದನ್ನೇ ನೋಡುತ್ತಿದ್ದಳು.

"ಹಾಂ. ಇದು ನಿನ್ನ ನಗಿ," ಎಂದಳು. "ಇನ್ನ ಉಣ್ಣ ಹೋಗು."