ಎಪ್ಪತ್ತೋ ಎಂಬತ್ತೋ

ಮೂವತ್ತೊಂದು ವರ್ಷ ಕಾರು ಓಡಿಸಿದರೂ ಒಂದೇ ಒಂದು ದಂಡದ ಚೀಟಿ ಮನೆ ಬಾಗಿಲಿಗೆ ಬಂದಿಲ್ಲ ಎಂಬುದೇ ಡ್ರೈವಿಂಗ್ ಮೇಷ್ಟ್ರ ಜೀವನದ ಸಾರ. ಹೊಸ ಶಿಷ್ಯರಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತೋರಿಸುವ ಮೊದಲೇ ಅವರು ಇದನ್ನು ಹೇಳುತ್ತಿದ್ದರು. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರಿಗೂ ಹೇಳಿದ್ದರು, ಬಾಯಿ ಅಗಲಿಸಿಕೊಂಡೇ. ಹೆಂಡತಿಗಂತೂ ಕೇಳಿ ಕೇಳಿ ಕಿವಿ ತೂತಾಗಿತ್ತು.

ಒಂದು ಸೋಮವಾರ ಮೇಷ್ಟ್ರು ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ತಾಗಿ ಹಿಂದಿನ ನಂಬರ್ ಪ್ಲೇಟು ಎರಡು ಹೋಳಾಯಿತು.

"ಕಂಬ ಒಂಚೂರು ಈಚೆ ಬಂದಿದೆ ಕಣೇ" ಎಂದರು.

"ಹೂಂ ರೀ, ನಡ್ಕೊಂಡು ಬಂದಿರ್ಬೇಕು" ಎಂದಳು ಹೆಂಡತಿ.

ಒಡೆದ ಪ್ಲೇಟಿಗೆ ಟೇಪು ಸುತ್ತಿ ಓಡಿಸುವ ಜಾಯಮಾನ ಅವರದಲ್ಲ. ನೇರವಾಗಿ ಸರ್ಕಾರದ ಪರವಾನಗಿ ಇರುವ ಅಂಗಡಿಗೇ ಹೋದರು. ಅಲ್ಲಿ ಬಾಯಿಮಾತಿಗೆ ಪ್ಲೇಟು ಮಾಡುವುದಿಲ್ಲ. ಕಾರಿನ ಅಸಲು ಕಾಗದ, ಗುರುತಿನ ಚೀಟಿ, ಹಿಂದಿನ ಮುಂದಿನ ಹಳೆಯ ಪ್ಲೇಟುಗಳು, ಎಲ್ಲವೂ ಮೇಜಿನ ಮೇಲೆ ಬರಬೇಕು. ಹಳೆಯದನ್ನು ಕತ್ತರಿಸಿದ ಮೇಲೆಯೇ ಹೊಸದು ಕೈಗೆ. ಈ ಶಿಸ್ತು ಮೇಷ್ಟ್ರಿಗೆ ಬಹಳ ಹಿಡಿಸಿತು. ಕುರ್ಚಿಯಲ್ಲಿ ಕೂತು ತಮ್ಮ ಮೂವತ್ತೊಂದು ವರ್ಷದ ಕಥೆ ಶುರು ಮಾಡಿದರು.

ಅಂಗಡಿಯ ಹೆಂಗಸು ಕಾಗದ ನೋಡಿ ನಂಬರು ಒತ್ತಿದಳು. ಯಂತ್ರ ಗಡಗಡ ಎಂದು ಬಿಸಿ ಪ್ಲೇಟನ್ನು ಹೊರಹಾಕಿತು. ಅದನ್ನು ಹಳೆಯದರ ಪಕ್ಕದಲ್ಲಿಟ್ಟವಳು ಎರಡನ್ನೂ ಮೇಷ್ಟ್ರ ಕಡೆ ತಿರುಗಿಸಿದಳು. ಹೊಸದರಲ್ಲಿ 4178, ಹಳೆಯದರಲ್ಲಿ 4188.

"ತಪ್ಪು ಒತ್ತಿದೀಯಮ್ಮ."

"ಕಾಗದದಲ್ಲಿ ಎಪ್ಪತ್ತೆಂಟೇ ಇದೆ ಸರ್. ನೀವೇ ನೋಡಿ."

ಮೇಷ್ಟ್ರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಕನ್ನಡಕ ಒರೆಸಿ ನೋಡಿದರು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಎಪ್ಪತ್ತೆಂಟೇ. ಆಗ ನೆನಪಾಯಿತು. ಎಂಟು ವರ್ಷದ ಹಿಂದೆ ಕಾರಿಗೆ ಬಣ್ಣ ಹೊಡೆಸಿದಾಗ ಬೋರ್ಡು ಬರೆಯುವವನಿಗೆ ಫೋನಿನಲ್ಲೇ ನಂಬರು ಹೇಳಿದ್ದರು. ಇವರು ಎಪ್ಪತ್ತು ಎಂದದ್ದು ಅವನಿಗೆ ಎಂಬತ್ತು ಎಂದು ಕೇಳಿಸಿತ್ತು. ಕಾರು ಹತ್ತುವ ಮುಂಚೆ ಸುತ್ತ ಒಂದು ಸಲ ಬಂದು ಕಣ್ಣಾಡಿಸಿ ಎಂದು ಶಿಷ್ಯರಿಗೆ ಪಾಠ ಹೇಳುವ ಮನುಷ್ಯ ಎಂಟು ವರ್ಷ ತನ್ನದೇ ಪ್ಲೇಟನ್ನು ಓದಿರಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಹೋದರೆ, ಅಲ್ಲಿಯವರು ಮೇಷ್ಟ್ರ ಕಾರಿಗೆಂಥ ತಪಾಸಣೆ ಎಂದು ಮೊಹರು ಒತ್ತಿ ಕಳಿಸುತ್ತಿದ್ದರು. ದೀಪದ ಬುಡದಲ್ಲೇ ಕತ್ತಲು.

"ಹಾಗಾದ್ರೆ ಎಂಬತ್ತೆಂಟು ಯಾರದು?"

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. "ಅದೇ ಕಂಪನಿ, ಅದೇ ಬಿಳಿ ಕಾರು. ಓನರ್ ಲೈಸೆನ್ಸ್ ರದ್ದಾಗಿದೆ ಸರ್, ಸ್ಪೀಡ್ ಜಾಸ್ತಿ ಅಂತ."

ಪರದೆಯ ಮೂಲೆಯಲ್ಲಿ ಮಾಲೀಕನ ಫೋಟೋ ಇತ್ತು.

ಆ ಮುಖ ಅವರಿಗೆ ಗೊತ್ತು. ಮನೆಮನೆಗೆ ಔಷಧಿ ತಲುಪಿಸುವವನು. ಪದೇ ಪದೇ ದಂಡ ಬಿದ್ದವರಿಗೆ ಬುದ್ಧಿ ಹೇಳುವ ಮೂರು ದಿನದ ತರಗತಿಗೆ ಎರಡು ವರ್ಷದ ಹಿಂದೆ ಬಂದಿದ್ದ. ಪಾಠ ಹೇಳಿದ್ದು ಮೇಷ್ಟ್ರೇ. ಬುಧವಾರ ಸಂಜೆ ಐದಕ್ಕೆ, ಆಸ್ಪತ್ರೆ ರಸ್ತೆಯಲ್ಲಿ, ಹದಿನಾಲ್ಕು ಸಲ ಅವನ ನಂಬರು ಕ್ಯಾಮೆರಾಗೆ ಸಿಕ್ಕಿತ್ತು. "ನಾನಲ್ಲ ಸರ್, ಬುಧವಾರ ಐದಕ್ಕೆ ನಾನು ಅಂಗಡೀಲಿ ಇರ್ತೀನಿ" ಎಂದು ಅವನು ಮೂರು ದಿನವೂ ಹೇಳಿದ್ದ. "ಕ್ಯಾಮೆರಾಗೆ ನಿನ್ನ ಮೇಲೇನು ಹಗೆನಾ? ಹೋಗಿದ್ದೇ ನೆನಪಿಲ್ಲ ಅಂದ್ರೆ ತಲೆ ತೋರಿಸ್ಕೋ" ಎಂದಿದ್ದರು ಮೇಷ್ಟ್ರು. ಇಡೀ ಕ್ಲಾಸು ನಕ್ಕಿತ್ತು. ಕೊನೆಗೆ ಅವನ ಹಾಳೆಯಲ್ಲಿ 'ತಪ್ಪು ಒಪ್ಪಿಕೊಳ್ಳುವ ಗುಣವಿಲ್ಲ' ಎಂದು ಬರೆದು ಸಹಿ ಹಾಕಿದ್ದರು. ಅದನ್ನು ನೋಡಿಯೇ ಅವನ ಲೈಸೆನ್ಸ್ ರದ್ದಾದದ್ದು.

ಆ ವರ್ಷ ಬುಧವಾರ ಬುಧವಾರ ಮೇಷ್ಟ್ರು ತಮ್ಮ ಅಕ್ಕನನ್ನು ಕಾಲಿನ ವ್ಯಾಯಾಮಕ್ಕೆಂದು ಅದೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೋಗುವುದು ಐದಕ್ಕೆ. ವೇಗ ತಗ್ಗಿಸಿ ಎಂಬ ಹೊಸ ಬೋರ್ಡು ಅಲ್ಲಿ ಬಂದಿದ್ದನ್ನು ಅವರು ನೋಡಿರಲೇ ಇಲ್ಲ. ಕಣ್ಣು ಮುಚ್ಚಿದರೂ ಗೊತ್ತಿರುವ ರಸ್ತೆ, ಬೋರ್ಡು ಓದುವುದೇನು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

"ಒಡೆದಿದೆ ಅಂತ ಬರ್ದು ಎರಡನ್ನೂ ಕತ್ತರಿಸ್ಲಾ ಸರ್?" ಅವಳು ಮೆಲ್ಲಗೆ ಕೇಳಿದಳು. ಒಳ್ಳೆಯ ಹೆಂಗಸು, ಮುದುಕರ ಮಾನ ಉಳಿಸಲು ನೋಡಿದಳು.

ಸುಳ್ಳೇಕೆ ಹೇಳಲಿ, ಹೂಂ ಎನ್ನಲು ಮೇಷ್ಟ್ರು ಬಾಯಿ ತೆರೆದಿದ್ದರು. ಕತ್ತರಿ ಒಂದು ಸಲ ಆಡಿದರೆ ಸಾಕಿತ್ತು, ಮೂವತ್ತೊಂದು ವರ್ಷ ಮೂವತ್ತೊಂದಾಗಿಯೇ ಉಳಿಯುತ್ತಿತ್ತು.

"ಬೇಡಮ್ಮ. ತಪ್ಪು ನಂಬರ್ ಅಂತಲೇ ಬರಿ, ಸಹಿ ಹಾಕ್ತೀನಿ. ಮುಂದಿನ ಪ್ಲೇಟು ಒಂದು ಗಂಟೆ ನನ್ನ ಹತ್ರ ಇರ್ಲಿ. ತಂದ್ಕೊಡ್ತೀನಿ."

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದ. ತುಂಬಿದ ಡಬ್ಬಿಯನ್ನು ಮತ್ತೆ ತೆರೆದು ನೋಡಿ, ಮುಚ್ಚಿ, ಮತ್ತೊಮ್ಮೆ ತೆರೆಯುತ್ತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ.

"ಬನ್ನಿ ಮೇಷ್ಟ್ರೇ. ನಾನೇ ನಿಮ್ಮ ಹತ್ರ ಬಂದು ಕ್ಷಮೆ ಕೇಳ್ಬೇಕು ಅಂತಿದ್ದೆ. ಅವತ್ತು ಸುಮ್ನೆ ಹಟ ಮಾಡ್ದೆ. ನೀವು ಹೇಳಿದ್ದೇ ಸರಿ."

ಮೇಷ್ಟ್ರಿಗೆ ದಿಗಿಲಾಯಿತು. "ಏನು ಸರಿ?"

"ತಲೆ ತೋರಿಸ್ಕೊಂಡೆ ಸರ್. ಡಾಕ್ಟರು ಏನೂ ಇಲ್ಲ ಅಂದ್ರು. ಆದ್ರೆ ನಾನು ಕಾರು ಬಿಟ್ಟ ತಿಂಗಳೇ ಚೀಟಿ ಬರೋದು ನಿಂತೋಯ್ತು ನೋಡಿ. ಅಂದ್ರೆ ನಾನೇ ಅಲ್ವಾ ಓಡಿಸ್ತಿದ್ದಿದ್ದು? ಗೊತ್ತೇ ಆಗ್ದಂಗೆ ಹೋಗಿ ಬರ್ತಿದ್ದೆ." ಅವನು ಧ್ವನಿ ತಗ್ಗಿಸಿದ. "ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದೂ ಬಿಟ್ಟಿದೀನಿ. ನಡ್ಕೊಂಡೇ ಹೋಗ್ಬಹುದು. ಆದ್ರೆ ದಾರೀಲಿ ಎಲ್ಲಾದ್ರೂ ಮರೆತು ಬಿಟ್ಟು ಬಂದ್ರೆ? ಪಕ್ಕದ ಮನೆಯವ್ರೇ ಕರ್ಕೊಂಡು ಬರ್ತಾರೆ."

ಅಕ್ಕನ ಕಾಲು ನೆಟ್ಟಗಾಗಿ ಮೇಷ್ಟ್ರ ಬುಧವಾರದ ಓಡಾಟ ನಿಂತದ್ದೂ ಅದೇ ತಿಂಗಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವರಿಗೆ ಮರೆತುಹೋಯಿತು. ಲೈಸೆನ್ಸ್ ಒಂದೇ ಕಿತ್ತುಕೊಂಡೆ ಎಂದುಕೊಂಡು ಬಂದಿದ್ದರು ಅವರು. ಪ್ಲೇಟನ್ನು ಮಾತ್ರೆಗಳ ನಡುವೆ ಇಟ್ಟರು.

"ಇದು ನನ್ನ ಕಾರಿಂದು. ತಪ್ಪು ನಂಬರು. ಬುಧವಾರ ಬುಧವಾರ ಅಲ್ಲಿ ಹೋಗ್ತಿದ್ದೋನು ನಾನು."

ಅವನು ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದ. ಬಣ್ಣಗೆಟ್ಟ ಮುಖವನ್ನು ಮೇಲೆತ್ತಿದ.

"ಹಾಗಾದ್ರೆ ನಾನು ಅಂಗಡೀಲೇ ಇದ್ನಾ?"

"ಇದ್ರಿ. ನೀವು ಇಲ್ಲೇ ಇದ್ರಿ."

"ಇನ್ನೊಂದ್ಸಲ ಹೇಳಿ ಸರ್."

ಮೇಷ್ಟ್ರು ಇನ್ನೊಂದು ಸಲ ಹೇಳಿದರು. ಅವನು ಗೋಡೆ ಗಡಿಯಾರ ನೋಡಿದ. ಚಪ್ಪಲಿ ಹುಡುಕಿದ, ಒಂದು ಕಾಲಿಗಷ್ಟೇ ಸಿಕ್ಕಿತು, ಇನ್ನೊಂದನ್ನು ಕೈಯಲ್ಲಿ ಹಿಡಿದ.

"ಸ್ಕೂಲ್ ಬಿಡೋ ಹೊತ್ತು" ಎಂದವನೇ ಬಾಗಿಲು ದಾಟಿ ಓಡಿದ.

ಮೇಷ್ಟ್ರು ಬೈಸಿಕೊಳ್ಳಲು ಸಿದ್ಧರಾಗಿ ಬಂದಿದ್ದರು. ಬೈಯಲು ಅವನಿಗೆ ಪುರುಸೊತ್ತಿರಲಿಲ್ಲ.