ಮ್ಯಾಕ್ಸೀನ್‌ಗೆ ಸಿಗದ ಬುಧವಾರಗಳು

ಗ್ರಿಮ್ಸ್‌ಬಿ ಬಂದರಿನ ಆಸ್ಗರ್ಬಿ ಧಣಿಯ ಶೆಡ್ಡಿನಲ್ಲಿ ನಾನು ಮೊದಲು ಮೀನು ಸೀಳುತ್ತಿದ್ದೆ. ಗಂಡ ತೀರಿಹೋಗಿ, ಬೆರಳುಗಳೂ ಮಾತು ಕೇಳದಂತಾದ ಮೇಲೆ ಅಲ್ಲೇ ಚಹಾ ಕಾಸುತ್ತಿದ್ದೇನೆ. ಮ್ಯಾಕ್ಸೀನ್ ಬ್ಲಾಂಚರ್ಡ್ ಪೆಟ್ಟಿಗೆ ತುಂಬುವ ಸಾಲಿನವಳು. ನಲವತ್ತು ದಾಟಿದವಳು, ಮಗಳೊಬ್ಬಳು, ಗಂಡ ಬಿಟ್ಟುಹೋದವನು. ಅವಳ ಬಗ್ಗೆ ಈಗ ಬಂದರಿನಲ್ಲಿ ಆಡುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶೆಡ್ಡಿನ ಲೆಕ್ಕ ನೋಡುತ್ತಿದ್ದ ಮುದುಕ ಕೆಲಸ ಬಿಟ್ಟು ಸ್ಪೇನಿಗೆ ಮಗಳ ಮನೆಗೆ ಹೋದ. ಧಣಿಗೆ ಯಾರೋ ವ್ಯಾಪಾರಿ ಕಿವಿಯೂದಿದ್ದ: ಹೊರಗಿನಿಂದ ಲೆಕ್ಕಿಗನನ್ನು ತರಬೇಡ, ನಿನ್ನ ಆಳನ್ನೇ ಲೆಕ್ಕದ ಅಪ್ರೆಂಟಿಸ್ ಮಾಡು, ದುಡಿಯುತ್ತಲೇ ಕಲಿಯಲಿ, ಪಾಠದ ಖರ್ಚು ಹೆಚ್ಚುಕಮ್ಮಿ ಎಲ್ಲಾ ಸರ್ಕಾರದ್ದು. ಧಣಿ ಮರುದಿನ ಬೆಳಿಗ್ಗೆಯೇ ಸಾಲಿನ ಮುಂದೆ ನಿಂತ.

"ಮ್ಯಾಕ್ಸ್, ಸೋಮವಾರದಿಂದ ನೀನು ಆಫೀಸಿನವಳು. ಉಗುರಿನ ಸಂದಿಯ ಮೀನಿನ ಹುರುಪೆ ತೊಳ್ಕೊಂಡು ಬಾ."

ಪಕ್ಕದಲ್ಲಿದ್ದ ವೆರಾ ಸುಮ್ಮನಿರುವವಳಲ್ಲ. "ನೋಡ್ರೇ, ಮೇಡಂನೋರು! ಇನ್ಮೇಲೆ ನಾವು ಇವಳಿಗೆ ಬಾಗಿ ನಮಸ್ಕಾರ ಹಾಕ್ಬೇಕೇನೋ!"

"ನೀನು ಬಾಗಿದ್ರೆ ಎತ್ತೋಕೆ ಕ್ರೇನ್ ಬೇಕು ಕಣೇ," ಅಂದಳು ಮ್ಯಾಕ್ಸೀನ್. ಎಲ್ಲರೂ ನಕ್ಕರು. ಅವಳ ಮುಖ ಮಾತ್ರ ಕೆಂಪಾಗಿತ್ತು, ಖುಷಿಗೆ.

ಸಂಬಳ ಇಳಿಯಿತು. ಅಪ್ರೆಂಟಿಸ್ ಅಂದಮೇಲೆ ಮೊದಲ ವರ್ಷ ವಯಸ್ಸು ಎಷ್ಟಾದರೂ ಅಷ್ಟೇ, ಶಾಲೆ ಬಿಟ್ಟ ಹುಡುಗಿಗೂ ಇವಳಿಗೂ ಒಂದೇ. ಕಾನೂನೇ ಹಾಗಂತೆ. ಮ್ಯಾಕ್ಸೀನ್ ಅದನ್ನೂ ಒಪ್ಪಿದಳು. ಅದಕ್ಕೆ ಬದಲಾಗಿ ಧಣಿ ಕೊಡಬೇಕಾದದ್ದು ಒಂದೇ ಒಂದು: ವಾರದಲ್ಲಿ ಒಂದು ದಿನ, ಸಂಬಳದ ಹೊತ್ತಿನಲ್ಲೇ, ಬೇರೆ ಕೆಲಸ ಹೇಳದೆ ಪಾಠಕ್ಕೆ ಬಿಡಬೇಕು. ಅದು ಬುಧವಾರ ಅಂತ ಗೊತ್ತುಮಾಡಿದರು.

ಮೊದಲ ಬುಧವಾರ ಅವಳು ಮೇಲಿನ ಆಫೀಸಿನಲ್ಲಿ ಹೊಸ ಪುಸ್ತಕ ಬಿಡಿಸಿ ಕೂತಿದ್ದಳು. ನಾನು ಚಹಾ ಇಟ್ಟು ತಿರುಗುವಷ್ಟರಲ್ಲಿ ಕೆಳಗಿನಿಂದ ಧಣಿಯ ಕೂಗು ಬಂತು.

"ಮ್ಯಾಕ್ಸ್! ಲಾರಿ ನಿಂತಿದೆ, ಕೈ ಸಾಲ್ತಿಲ್ಲ. ಒಂದೇ ನಿಮಿಷ ಬಂದ್ಹೋಗು!"

ಆ ಒಂದು ನಿಮಿಷ ಸಂಜೆಗೆ ಮುಗಿಯಿತು. ಮುಂದಿನ ಬುಧವಾರ ಒಬ್ಬಳಿಗೆ ಜ್ವರ. ಅದರ ಮುಂದಿನದು ಹಬ್ಬದ ಗಿರಾಕಿ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಬುಧವಾರ ಬಂತೆಂದರೆ ಅವಳ ಏಪ್ರನ್ ಮೊಳೆಯಲ್ಲಿ ಕಾಯುತ್ತಿತ್ತು. ಪಾಠವೆಲ್ಲ ಭಾನುವಾರ ನನ್ನ ಅಡುಗೆಮನೆಯ ಮೇಜಿನ ಮೇಲೆ. ಮಗಳು ಟಿವಿ ಹಾಕುತ್ತಾಳೆ ಅಂತ ಪಕ್ಕದ ಮನೆಯಿಂದ ನನ್ನಲ್ಲಿಗೆ ಬರುತ್ತಿದ್ದಳು. ಕಣ್ಣುಜ್ಜಿಕೊಳ್ಳುತ್ತ, ಬಾಯಲ್ಲೇ ಕೂಡುತ್ತ ಕಳೆಯುತ್ತ ಒಂದೊಂದೇ ಪರೀಕ್ಷೆ ದಾಟಿದಳು.

ಈ ಪಾಠ ನಡೆಸುವ ಕಾಲೇಜಿನಿಂದ ಮಿಸೆಸ್ ಫ್ಯಾರೋ ಎಂಬಾಕೆ ಎರಡು ಮೂರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಿದ್ದಳು. ಕೇಳುತ್ತಿದ್ದದ್ದು ಒಂದೇ: ಪಾಠದ ದಿನ ಸಿಗುತ್ತಿದೆಯೇ?

ಧಣಿ ಎದೆ ಉಬ್ಬಿಸಿ ಹೇಳುತ್ತಿದ್ದ, "ಇಡೀ ದಿನ! ಬೇಕಿದ್ರೆ ಅವಳನ್ನೇ ಕೇಳಿ."

ಮ್ಯಾಕ್ಸೀನ್ ತಲೆಯಾಡಿಸುತ್ತಿದ್ದಳು. ಹೂಂ ಅಂತ! ಚಹಾದ ತಟ್ಟೆ ಹಿಡಿದು ನಿಂತ ನನಗೆ ಆ ಚಹಾವನ್ನು ಅವಳ ತಲೆಗೇ ಸುರಿಯಬೇಕು ಅನ್ನಿಸುತ್ತಿತ್ತು. ಆದರೆ ನಾನೂ ಬಾಯಿ ಬಿಡಲಿಲ್ಲ. ಬಂದರಿನವರಾದ ನಾವು ಧಣಿಯನ್ನು ಅವನ ಮುಖದ ಮೇಲೇ ಬೈಯುತ್ತೇವೆ, ಹೊರಗಿನವರ ಮುಂದೆ ಬಿಟ್ಟುಕೊಡುವುದಿಲ್ಲ. ಶುಕ್ರವಾರ ಅವನು ಮನೆಗೆ ಅಂತ ಕಟ್ಟಿಕೊಡುವ ಹ್ಯಾಡಕ್ ಮೀನಿನ ಪೊಟ್ಟಣ ತೆಗೆದುಕೊಂಡರೆ ಆ ವಾರದ ಜಗಳ ಅಲ್ಲಿಗೆ ಮುಗಿದಂತೆ. ನಮ್ಮಪ್ಪನ ಕಾಲದಿಂದ ಬಂದದ್ದು. ಎಂಥ ಸುಖದ ಪದ್ಧತಿ ನೋಡಿ, ಧಣಿಗೆ!

ಉಳಿದದ್ದು ಕೊನೆಯ ಪರೀಕ್ಷೆ, ಮೇ ತಿಂಗಳಲ್ಲಿ. ಅದು ದಾಟಿದರೆ ಮ್ಯಾಕ್ಸೀನ್ ಎಲ್ಲಿ ಬೇಕಾದರೂ ಲೆಕ್ಕದ ಕೆಲಸಕ್ಕೆ ನಿಲ್ಲಬಹುದು. ಆದರೆ ಅದಕ್ಕೆ ಕೂರಬೇಕಾದರೆ 'ಇವಳು ತಯಾರಾಗಿದ್ದಾಳೆ' ಅಂತ ಧಣಿ ಸಹಿ ಹಾಕಬೇಕು. ಕೇಳಲು ಹೋದಳು.

"ಏನು ಅವಸರ ಮ್ಯಾಕ್ಸ್? ನೀನಿನ್ನೂ ಹಸಿ. ಇನ್ನೊಂದು ವರ್ಷ ಹೋಗ್ಲಿ."

"ಎಲ್ಲಾ ಪಾಸಾಗಿದೀನಲ್ಲ ಧಣಿ."

"ಪುಸ್ತಕದ ಮಾತು ಬೇರೆ. ಸಹಿ ಹಾಕೋನು ನಾನು."

ಹಸಿಯಂತೆ! ಇಡೀ ಶೆಡ್ಡಿನ ಲೆಕ್ಕ ಅವಳೊಬ್ಬಳೇ ಬರೆಯುತ್ತಿದ್ದಳು. ಹಣ್ಣಾದರೆ ಹಣ್ಣಿನ ಬೆಲೆ ಕೊಡಬೇಕಲ್ಲ, ಅದಕ್ಕೆ ಹಸಿ.

ಆ ಶುಕ್ರವಾರ ಧಣಿ ಪೊಟ್ಟಣ ಚಾಚಿದ. ಮ್ಯಾಕ್ಸೀನ್ ಕೈ ಚಾಚಲಿಲ್ಲ.

"ನಂಗೆ ಬೇಡ."

ಮೀನು ಸೀಳುತ್ತಿದ್ದವರು ಚಾಕು ಹಿಡಿದೇ ಇತ್ತ ತಿರುಗಿದರು.

"ಒಳ್ಳೇ ಮೀನಮ್ಮ," ಅಂದ ಧಣಿ, ನಗಲು ನೋಡುತ್ತ.

"ಮೀನು ಒಳ್ಳೇದೇ. ತಗೊಳ್ಳಲ್ಲ."

ಪೊಟ್ಟಣ ಅವನ ಕೈಯಲ್ಲೇ ಉಳಿಯಿತು. ಧಣಿಯಿಂದ ಮೀನು ಬೇಡವೆಂದವರನ್ನು ನನ್ನ ಜೀವಮಾನದಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಮಿಸೆಸ್ ಫ್ಯಾರೋ ಮತ್ತೆ ಬಂದಾಗ, ಆಕೆ ಕೇಳುವ ಮೊದಲೇ, ಧಣಿಯ ಎದುರೇ ಮ್ಯಾಕ್ಸೀನ್ ಹೇಳಿದಳು. "ನಂಗೆ ಪಾಠದ ದಿನ ಸಿಕ್ಕಿಲ್ಲ. ಒಂದು ಬುಧವಾರನೂ ಸಿಕ್ಕಿಲ್ಲ."

"ಪ್ರತಿ ಸಲ ಸಿಕ್ಕಿದೆ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ."

ಮಿಸೆಸ್ ಫ್ಯಾರೋ ಪೆನ್ನು ಕೆಳಗಿಟ್ಟಳು. ಕೆಟ್ಟವಳಲ್ಲ ಆಕೆ, ಮುಖ ಬಾಡಿತ್ತು. "ಸಿಕ್ಕಿಲ್ಲ ಅಂದ್ರೆ ನಿಮ್ಮ ತರಬೇತಿ ಮುಗಿದಿಲ್ಲ ಅಂತ ಅರ್ಥ. ಆ ದಿನಗಳು ತುಂಬೋ ತನಕ ಕೊನೇ ಪರೀಕ್ಷೆಗೆ ಕಳಿಸೋ ಹಾಗಿಲ್ಲ. ಮೇ ಹೋಯ್ತು."

ಕೇಳಿದಿರಾ? ಕದ್ದವನು ಧಣಿ, ದಂಡ ಮ್ಯಾಕ್ಸೀನ್‌ಗೆ!

ಸರ್ಕಾರದ ದುಡ್ಡಿನ ಪಾಠದ ದಿನ ತಿಂದದ್ದು ಕಾಗದಕ್ಕೆ ಬಂದರೆ ತನಗೇ ಕುತ್ತು ಅಂತ ಧಣಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಜೇಬಿನಿಂದ ಪೆನ್ನು ತೆಗೆದೇಬಿಟ್ಟ. "ಎಲ್ಲಾ ದಿನ ಸಿಕ್ಕಿದೆ ಮಿಸೆಸ್ ಫ್ಯಾರೋ, ಇವಳು ಕೋಪದಲ್ಲಿದ್ದಾಳೆ ಅಷ್ಟೆ. ತಯಾರಿದ್ದಾಳೆ ಅಂತ ಈಗಲೇ ಸಹಿ ಹಾಕ್ತೀನಿ. ಮೇನಲ್ಲೇ ಕೂರ್ಲಿ. ಏನ್ ಮ್ಯಾಕ್ಸ್, ಸಿಕ್ಕಿದೆ ಅಲ್ವಾ?"

ಇನ್ನೊಂದು ಸಲ ತಲೆಯಾಡಿಸಿದರೆ ಸಾಕಿತ್ತು. ಆಡಿಸೇ ಹುಚ್ಚಿ, ಅಂತ ನಾನು ಮನಸ್ಸಿನಲ್ಲೇ ಕೂಗಿದೆ. ಇಷ್ಟು ದಿನ ಅವನಿಗಾಗಿ ಆಡಿಸಿದ್ದೀಯ, ಈಗ ನಿನಗಾಗಿ ಆಡಿಸು.

ಮ್ಯಾಕ್ಸೀನ್ ಅವನ ಪೆನ್ನನ್ನೇ ನೋಡಿದಳು. "ಸಿಕ್ಕಿಲ್ಲ," ಅಂದಳು. "ನನ್ನ ದಿನ ನಂಗೆ ಕೊಡಿ."

ಮೇ ಹೋಯಿತು. ಮಿಸೆಸ್ ಫ್ಯಾರೋ ಬುಧವಾರಗಳಂದು ಅವಳನ್ನು ಕಾಲೇಜಿಗೇ ಕರೆಸಿಕೊಂಡಳು, ಬಂದಳೋ ಇಲ್ಲವೋ ಅಂತ ತಾನೇ ನೋಡಿದಳು. ಕೈ ಸಾಲದಾಗ ಧಣಿಯೇ ಏಪ್ರನ್ ಕಟ್ಟಿ ಸಾಲಿಗೆ ನಿಂತ. "ಪೆಟ್ಟಿಗೇಲಿ ಐಸೆಷ್ಟು, ಮೀನೆಷ್ಟು ಧಣಿ? ಗಿರಾಕಿ ನೀರು ಕುಡಿಯೋಕೆ ತಗೊಳ್ತಾನಾ?" ಅಂತ ವೆರಾ ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದಳು. ಮೇಲಿನ ಆಫೀಸಿನಲ್ಲಿ ಮ್ಯಾಕ್ಸೀನ್ ಜೊತೆ ಅವನು ಬೇಕಾದಷ್ಟೇ ಮಾತಾಡುತ್ತಿದ್ದ. ಬೇಸಿಗೆಯಿಡೀ ಹಾಗೇ ನಡೆಯಿತು.

ದಿನಗಳು ತುಂಬಿದ ಮೇಲೆ ಮಿಸೆಸ್ ಫ್ಯಾರೋ ಎದುರಿಗೆ ಬಂದು ಕೂತಳು, ಧಣಿ ಸಹಿ ಹಾಕಲೇಬೇಕಾಯಿತು. ನವೆಂಬರಿನಲ್ಲಿ ಮ್ಯಾಕ್ಸೀನ್ ಪರೀಕ್ಷೆಗೆ ಕೂತಳು, ಪಾಸಾದಳು. ಕ್ರಿಸ್ಮಸ್ಸಿಗೆ ಮೊದಲೇ ಇಮ್ಮಿಂಗ್‌ಹ್ಯಾಮಿನ ಒಂದು ಮರದ ಮಂಡಿಯ ಲೆಕ್ಕದ ಕೆಲಸಕ್ಕೆ ಹೊರಟಳು. ಹೋಗುವ ದಿನ ಸಾಲಿನವರನ್ನೆಲ್ಲ ತಬ್ಬಿಕೊಂಡಳು.

ಮೊನ್ನೆ ಮೀನಿನ ಹರಾಜು ಮುಗಿಸಿ ವ್ಯಾಪಾರಿಗಳು ನನ್ನ ಚಹಾದ ಮೇಜಿನ ಸುತ್ತ ಕೂತಿದ್ದರು. ನಡುವೆ ಆಸ್ಗರ್ಬಿ ಧಣಿ.

"ಆಳುಗಳಿಗೆ ತರಬೇತಿ ಕೊಡಿ ಅಂತಾರೆ. ನಾನು ಕೊಟ್ಟೆನಪ್ಪ. ಮೀನಿನ ಪೆಟ್ಟಿಗೆ ಹಿಂದಿನಿಂದ ಎತ್ತಿ ಕುರ್ಚಿ ಮೇಲೆ ಕೂರಿಸ್ದೆ. ಕೈ ಹಿಡಿದು ಕಲಿಸ್ದೆ. ಕಲಿತ್ಲು, ಓಡಿಹೋದ್ಲು. ಕೃತಜ್ಞತೆನೇ ಇಲ್ಲ ಈಗಿನವರಿಗೆ."

ಸುತ್ತ ಕೂತವರು ಅಯ್ಯೋ ಪಾಪ ಅಂತ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ.

"ಧಣಿ, ಕೈ ಹಿಡಿದು ಕಲಿಸಿದ್ದು ಯಾವ ದಿನ? ನಾನೂ ಇಲ್ಲೇ ಇದ್ನಲ್ಲ, ಒಂದು ದಿನ ಹೇಳಿ ಸಾಕು."

ಎಲ್ಲರೂ ಅವನ ಮುಖ ನೋಡಿದರು. ಅವನು ಲೋಟ ನನ್ನ ಕಡೆ ತಳ್ಳಿದ.

"ಹಿಲ್ಡಾ, ಚಹಾ ತಣ್ಣಗಾಗಿದೆ."

ತಣ್ಣಗಾಗಿರಲಿಲ್ಲ. ಆಗಷ್ಟೇ ಸುರಿದಿದ್ದೆ.